ಬದ್ರ್‌ಗೆ ಹೋಗದೆ ಬದ್ರ್‌ನವರಾದ ಉಸ್ಮಾನ್ (ರ)

ರಂಝಾನ್ 17 ಬಂತೆಂದರೆ ನಮ್ಮ ಮಸೀದಿಗಳಲ್ಲಿ ಬದ್ರ್ ಸ್ವಹಾಬಿಗಳ ಸ್ಮರಣೆ ನಡೆಯುತ್ತದೆ. 313 ಎಂಬ ಸಂಖ್ಯೆ ಮದ್ರಸದ ಸಣ್ಣ ಮಕ್ಕಳಿಗೂ ಬಾಯಿಪಾಠ. ಆ ಮಹಾತ್ಮರ ಹೆಸರುಗಳ ಜೊತೆ ಉಸ್ಮಾನ್ ಬಿನ್ ಅಫ್ಫಾನ್ (ರ) ಅವರ ಹೆಸರನ್ನೂ ಹೇಳ್ತೇವೆ. ಆದರೆ ಅಂದು ಅವರು ರಣರಂಗದಲ್ಲಿ ಇರಲೇ ಇಲ್ಲ. ಸುಮಾರು 150 ಕಿಲೋಮೀಟರ್ ದೂರದ ಮದೀನಾದಲ್ಲಿ, ಹಾಸಿಗೆ ಹಿಡಿದ ಮಡದಿಯ ಆರೈಕೆಯಲ್ಲಿದ್ದರು.

ಆ ಮಡದಿ ಪ್ರವಾದಿ (ಸ) ಅವರ ಮಗಳು ರುಖಿಯ್ಯಾ ಬೀವಿ (ರ). ಅವರ ಬದುಕಿನಲ್ಲಿ ಪರೀಕ್ಷೆಗಳಿಗೆ ಕೊನೆಯೇ ಇರಲಿಲ್ಲ. ಮೊದಲು ಅಬೂಲಹಬನ ಮಗನೊಂದಿಗೆ ಕೂಡಿಬಂದಿದ್ದ ಸಂಬಂಧ, ಅಬೂಲಹಬನ ಹಗೆತನದಿಂದ ಮುರಿದುಹೋಯಿತು. ಬಳಿಕ ಮಕ್ಕಾದ ಶ್ರೀಮಂತ ವ್ಯಾಪಾರಿ, ನಾಚಿಕೆ ಸ್ವಭಾವದ ಉಸ್ಮಾನ್ (ರ) ಅವರನ್ನು ವರಿಸಿದರು. ಖುರೈಷರ ಕಿರುಕುಳ ಮಿತಿಮೀರಿದಾಗ, 615ರಲ್ಲಿ, ದಂಪತಿ ಮನೆ ವ್ಯಾಪಾರ ಎಲ್ಲ ಬಿಟ್ಟು ಅಬಿಸೀನಿಯಾಕ್ಕೆ ಹೊರಟರು. ಮಗ ಅಬ್ದುಲ್ಲಾ ಹುಟ್ಟಿದ್ದು ಅಲ್ಲೇ. ನಂತರ ಮಕ್ಕಾಕ್ಕೆ ಮರಳಿ, ಅಲ್ಲಿಂದ ಮದೀನಾಕ್ಕೆ ಮತ್ತೊಂದು ಹಿಜ್‌ರಾ.

ಹಿಜ್‌ರಾ ಎರಡನೇ ವರ್ಷ, ಅಂದರೆ 624. ರಂಝಾನ್ ಉಪವಾಸ ಕಡ್ಡಾಯವಾದ ಮೊದಲ ವರ್ಷ. ಮುಸ್ಲಿಮರು ಬದ್ರ್‌ಗೆ ಹೊರಡುವ ಹೊತ್ತಿಗೆ ರುಖಿಯ್ಯಾ ಬೀವಿ ತೀವ್ರ ಕಾಯಿಲೆಗೆ ಬಿದ್ದರು. ಅದು ದಡಾರ ಎನ್ನುತ್ತಾರೆ ಚರಿತ್ರೆಕಾರರು. ಪ್ರವಾದಿವರ್ಯರ (ಸ) ಮಗಳಿಗೇ ಬಂದ ಕಾಯಿಲೆ ಅದು. ಹಾಗಿರುವಾಗ ಯಾರಾದರೂ ಹಾಸಿಗೆ ಹಿಡಿದ ಕೂಡಲೇ ಏನು ಪಾಪ ಮಾಡಿದ್ದರೋ ಎಂದು ಮಾತಾಡುವುದು ನಮಗೆ ಹೇಳಿಸಿದ್ದಲ್ಲ.

ಸೈನ್ಯದಲ್ಲಿ ಜನ ಕಡಿಮೆ, ಒಬ್ಬೊಬ್ಬರೂ ಬೇಕಾಗಿದ್ದ ಸಮಯ. ಆದರೂ ಪ್ರವಾದಿ (ಸ) ಅಳಿಯನಿಗೆ ಮನೆಯಲ್ಲೇ ನಿಂತು ಆಕೆಯನ್ನು ನೋಡಿಕೊಳ್ಳಲು ಹೇಳಿದರು. ಬದ್ರ್‌ನಲ್ಲಿ ಭಾಗವಹಿಸಿದವರ ಪ್ರತಿಫಲವೂ ಗನೀಮತ್ತಿನ ಪಾಲೂ ಸಿಗುವುದೆಂದು ಮಾತು ಕೊಟ್ಟರು.

ಎಷ್ಟು ಆರೈಕೆ ಮಾಡಿದರೂ ಬೀವಿ ಉಳಿಯಲಿಲ್ಲ. ಅವರ ದಫನ್ ನಡೆಯುತ್ತಿದ್ದಾಗಲೇ ಝೈದ್ ಬಿನ್ ಹಾರಿಸ (ರ) ವಿಜಯದ ಸುದ್ದಿ ಹೊತ್ತು ಮದೀನಾ ತಲುಪಿದರು. ಊರಿಗೆಲ್ಲ ಸಂತೋಷದ ದಿನ, ಆ ಮನೆಗೆ ಮರಣದ ದಿನ. ತಂದೆಗೆ ಮಗಳ ಕೊನೆಯ ಮುಖ ನೋಡಲಿಕ್ಕೂ ಆಗಲಿಲ್ಲ. ಆದರೆ ಕೊಟ್ಟ ಮಾತು ತಪ್ಪಲಿಲ್ಲ. ಮಡದಿ ಗುಣವಾಗದಿದ್ದರೂ ಉಸ್ಮಾನ್ (ರ) ಅವರ ಪಾಲು ಕಡಿಮೆಯಾಗಲಿಲ್ಲ.

ಮುಂದೆ ಪ್ರವಾದಿ (ಸ) ಇನ್ನೊಬ್ಬ ಮಗಳು ಉಮ್ಮು ಕುಲ್ಸೂಮ್ (ರ) ಅವರನ್ನೂ ಉಸ್ಮಾನರಿಗೇ ನಿಕಾಹ್ ಮಾಡಿಕೊಟ್ಟರು. ದುನ್ನೂರೈನ್ ಎಂಬ ಬಿರುದು ಬಂದದ್ದು ಹಾಗೆ. 644ರಲ್ಲಿ ಅವರು ಮೂರನೇ ಖಲೀಫರಾದರು, 656ರಲ್ಲಿ ಶಹೀದರಾದರು. ಬದ್ರ್‌ಗೆ ಹೋಗಲಿಲ್ಲ ಎಂದು ಅವರನ್ನು ಆಕ್ಷೇಪಿಸಿದವರೂ ಇದ್ದರು. ಅಂಥ ಒಬ್ಬನಿಗೆ ಇಬ್ನು ಉಮರ್ (ರ) ಇದೇ ಘಟನೆ ವಿವರಿಸಿ ಉತ್ತರ ಕೊಟ್ಟರು.

ನಮ್ಮ ಎಷ್ಟೋ ಮನೆಗಳಲ್ಲಿ ಉಮ್ಮನನ್ನೋ ಗಂಡನನ್ನೋ ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾ, ಈ ಸಲ ತರಾವೀಹ್ ತಪ್ಪಿತು, ಖತಂ ಮುಗಿಸಲಿಕ್ಕೆ ಆಗಲಿಲ್ಲ ಎಂದು ಕೊರಗುವವರಿದ್ದಾರೆ. ಅವರು ಬೇಸರ ಪಡಬೇಕಾಗಿಲ್ಲ. ಇನ್ನು ರೋಗಿಯ ಸೇವೆ ಹೆಂಗಸರ ಕೆಲಸ ಎಂದು ಕೈತೊಳೆದುಕೊಳ್ಳುವ ಗಂಡಸರು, ಬದ್ರ್ ದಿನದಂದು ಉಸ್ಮಾನ್ (ರ) ಎಲ್ಲಿದ್ದರೆಂದು ಒಮ್ಮೆ ನೆನಪಿಸಿಕೊಳ್ಳಲಿ.

ಕಾಯಿಲೆಯವರಿಗೆ ಶಿಫಾವನ್ನೂ ಅವರ ಪಕ್ಕ ಕೂತವರಿಗೆ ಸ್ವಬ್ರನ್ನೂ ಅಲ್ಲಾಹು ಕರುಣಿಸಲಿ. ಆಮೀನ್.