ಗಣಿತಾಚಾರ್ಯ ಮಹಾವೀರ

ಲೆಕ್ಕವು ಹೆಣ್ಣುಮಕ್ಕಳಿಗೆ ಒಗ್ಗದ ವಿದ್ಯೆಯೆಂದು ಹೇಳುವವರು ಇಂದಿಗೂ ಇರುವರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸಂತೆಗಳಲ್ಲಿ ನಮ್ಮ ತಾಯಂದಿರು ಬಾಯಿಲೆಕ್ಕದಿಂದಲೇ ವ್ಯಾಪಾರ ನಡೆಸುವುದನ್ನು ಅವರು ಕಂಡಿರಲಾರರು. ಇಂತಹ ನಿತ್ಯವ್ಯವಹಾರದಿಂದಲೇ ಗಣಿತದ ಒಗಟುಗಳನ್ನು ಹೆಣೆದ ಕನ್ನಡನಾಡಿನ ಪಂಡಿತನೊಬ್ಬನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸುವೆವು.

ಮಹಾವೀರಾಚಾರ್ಯನು 9ನೆಯ ಶತಮಾನದ ಜೈನ ವಿದ್ವಾಂಸನು. ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆದಿಯಲ್ಲಿ ಕೊಂಡಾಡಿರುವನು. ಕನ್ನಡದ ಕವಿರಾಜಮಾರ್ಗವು ಹುಟ್ಟಿದುದೂ ಆ ಆಸ್ಥಾನದಲ್ಲಿಯೇ. ಆಚಾರ್ಯನ ಗಣಿತಸಾರಸಂಗ್ರಹವು ಸಂಸ್ಕೃತ ಪದ್ಯಗಳಲ್ಲಿರುವುದು; ಗ್ರಹಗತಿಗಳ ಚರ್ಚೆಯನ್ನು ಬಿಟ್ಟು ಗಣಿತಕ್ಕೇ ಮೀಸಲಾಗಿರುವುದು. ಇಷ್ಟನ್ನು ರಚಿಸಿಯೂ, ಹಿರಿಯರ ಜ್ಞಾನಸಾಗರದಿಂದ ತಾನು ಸ್ವಲ್ಪವನ್ನು ಆರಿಸಿ ತಂದವನೆಂದೇ ವಿನಯದಿಂದ ಹೇಳಿಕೊಂಡಿರುವನು.

ಆತನ ಒಗಟುಗಳಲ್ಲಿ ಒಂದನ್ನು ನೋಡೋಣ. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಅದು ತನಗೆ ದೊರೆತರೆ ತನ್ನ ಹಣವು ಉಳಿದಿಬ್ಬರ ಒಟ್ಟು ಹಣದ ಎರಡರಷ್ಟಾಗುವುದೆಂದು ಮೊದಲನೆಯವನು ಹೇಳಿದನು. ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳಿದರು. ಹಾಗಾದರೆ ಯಾರಲ್ಲಿ ಎಷ್ಟಿತ್ತು?

ಚೀಲವನ್ನು ಪಡೆದವನ ಹಣವು, ಚೀಲವೂ ಸೇರಿದ ಸಮಸ್ತ ಹಣದಲ್ಲಿ ಕ್ರಮವಾಗಿ ಮೂರರಲ್ಲಿ ಎರಡು, ನಾಲ್ಕರಲ್ಲಿ ಮೂರು, ಆರರಲ್ಲಿ ಐದು ಪಾಲಾಗುವುದು. ಸಮಸ್ತವನ್ನು 24 ಎಂದು ಹಿಡಿದರೆ ಈ ಪಾಲುಗಳು 16, 18, 20, ಮೊತ್ತವು 54. ಇದರಲ್ಲಿ ಚೀಲವು ಮೂರಾವರ್ತಿ ಸೇರಿರುವುದು, ಸಮಸ್ತದಲ್ಲಾದರೋ ಒಂದೇ ಆವರ್ತಿ. ಆದುದರಿಂದ 54ರಲ್ಲಿ 24 ಕಳೆದು ಉಳಿದ 30 ಎರಡು ಚೀಲಗಳ ಹಣವು. ಚೀಲದಲ್ಲಿದ್ದುದು 15, ವರ್ತಕರಲ್ಲಿದ್ದುದು 1, 3, 5.

ಎರಡು ತುದಿಗಳಿಂದಲೂ ಒಂದೇ ತೆರನಾಗಿ ಕಾಣುವ ಗುಣಲಬ್ಧಗಳನ್ನು ಆತನು ಕಂಠಾಭರಣಕ್ಕೆ ಹೋಲಿಸಿ ಆನಂದಿಸಿದನು. 139ನ್ನು 109ರಿಂದ ಗುಣಿಸಿದರೆ 15151 ಬರುವುದು. ಆದರೆ ವಿನೋದದಲ್ಲಿ ವಿವೇಕವನ್ನು ಮರೆಯಲಿಲ್ಲ. ಯಾವ ಸಂಖ್ಯೆಯ ವರ್ಗವೂ ಋಣವಾಗದಾದುದರಿಂದ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಗಲೇ ಸ್ಪಷ್ಟಪಡಿಸಿದನು. ಈ ಗ್ರಂಥವು 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಗಿ, ಆತನ ಕೀರ್ತಿಯು ದೂರದೇಶಗಳನ್ನು ಮುಟ್ಟಿತು.

ಸೋದರಿಯರೇ, ತಂದೆತಾಯಿಗಳೇ, ಮೇಲಣ ಒಗಟನ್ನು ಈ ಸಂಜೆ ನಿಮ್ಮ ಮನೆಯ ಹುಡುಗಿಯ ಮುಂದಿಡಿರಿ. ಉತ್ತರವನ್ನು ಹೇಳಲು ಅವಸರಪಡಬೇಡಿರಿ. ದೇವರು ಆಕೆಗೆ ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಡುವ ಅಧಿಕಾರವು ನಮಗಾರಿಗೂ ಇಲ್ಲ.