ಅಕ್ಷರಸೇವಕ ಹರ್ಮನ್ ಮೊಗ್ಲಿಂಗ್

ಕನ್ನಡದ ಮೊದಲ ವೃತ್ತಪತ್ರಿಕೆ ಯಾವುದು ಎಂಬುದು ರಸಪ್ರಶ್ನೆ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶಾಲಾ ವೇದಿಕೆಯಲ್ಲಾಗಲಿ, ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ, ೨೦೦೨ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯಂತಹ ಕಾರ್ಯಕ್ರಮದಲ್ಲಾಗಲಿ, ಸ್ಪರ್ಧಿಯು ‘ಮಂಗಳೂರ ಸಮಾಚಾರ’ ಎಂದು ಕ್ಷಣಮಾತ್ರದಲ್ಲಿ ಉತ್ತರಿಸಬಲ್ಲನು. ಆದರೆ ಆ ಪತ್ರಿಕೆ ಯಾವ ಬಗೆಯ ಅಕ್ಷರಗಳಲ್ಲಿ ಅಚ್ಚಾಯಿತು ಎಂಬ ಪ್ರಶ್ನೆ ಕೊನೆಯ ಸುತ್ತಿನಲ್ಲಿ ಬಂದರೆ ಹಲವರು ತಡವರಿಸುವರು. ಆ ಅಕ್ಷರಗಳು ಸೀಸದ ಮೊಳೆಗಳಿಂದ ಮೂಡಿದವಲ್ಲ. ಕಲ್ಲಿನ ಮೇಲಣ ಕೈಬರಹದಿಂದ ಮೂಡಿದವು. ಈ ಸಣ್ಣ ಉತ್ತರದ ಹಿಂದೆ ಒಬ್ಬ ಮಹನೀಯರ ಇಪ್ಪತ್ತನಾಲ್ಕು ವರ್ಷಗಳ ದುಡಿಮೆ ಅಡಗಿದೆ. ಅವರೇ ಹರ್ಮನ್ ಮೊಗ್ಲಿಂಗ್.

ಮೊಗ್ಲಿಂಗರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ೧೮೧೧ನೆಯ ಮೇ ೨೯ರಂದು ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಮುಂದೆ ಮಲಯಾಳ ಭಾಷೆಯ ದೊಡ್ಡ ವಿದ್ವಾಂಸರೆನಿಸಿದ ಹರ್ಮನ್ ಗುಂಡರ್ಟರು ಅವರ ಗೆಳೆಯರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯು ೧೮೩೪ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನು ಪ್ರಾರಂಭಿಸಿತ್ತು. ಆ ಸಂಸ್ಥೆಯ ಪಾದ್ರಿಯಾಗಿ ಮೊಗ್ಲಿಂಗರು ೧೮೩೬ರಲ್ಲಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೈದು.

ಅಂದಿನ ಕನ್ನಡ ಜಿಲ್ಲೆ ಇಂದಿನಂತೆ ಉತ್ತರ, ದಕ್ಷಿಣ ಎಂದು ಒಡೆದಿರಲಿಲ್ಲ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಆ ಒಂದೇ ಜಿಲ್ಲೆಗೆ ಮಂಗಳೂರೇ ಮುಖ್ಯ ಪಟ್ಟಣವಾಗಿತ್ತು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯೂ ಅದರೊಳಗೇ ಇತ್ತು. ಉತ್ತರ ಭಾಗವು ಮುಂಬಯಿ ಆಧಿಪತ್ಯಕ್ಕೆ ಸೇರಿದುದು ೧೮೬೨ರಲ್ಲಿ. ಆದುದರಿಂದ ಮಂಗಳೂರಿನಲ್ಲಿ ಹುಟ್ಟಿದ ಮೊದಲ ಪತ್ರಿಕೆಯು ಈ ಮಲೆನಾಡಿನವರಿಗೂ ತಮ್ಮ ಜಿಲ್ಲೆಯ ಪತ್ರಿಕೆಯೇ ಆಗಿತ್ತು.

ಮೊಗ್ಲಿಂಗರು ಬಂದ ಕಾಲಕ್ಕೆ ಕನ್ನಡದಲ್ಲಿ ಮುದ್ರಣವೇ ಇರಲಿಲ್ಲವೆಂದಲ್ಲ. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರು ೧೮೧೭ರಲ್ಲೇ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ್ದರು. ಬಳ್ಳಾರಿಯಲ್ಲಿಯೂ ಅಚ್ಚುಮೊಳೆಗಳ ಮುದ್ರಣಾಲಯವಿತ್ತು. ಆದರೆ ಕನ್ನಡದ ಮೊಳೆಗಳನ್ನು ಸಿದ್ಧಪಡಿಸುವುದು ಬಹು ಶ್ರಮದ ಕೆಲಸ. ಮೊದಲು ಗಟ್ಟಿಯಾದ ಉಕ್ಕಿನ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕು. ಅದನ್ನು ಮೆದುವಾದ ತಾಮ್ರದಲ್ಲಿ ಒತ್ತಿ ಅಚ್ಚುಗುಳಿಯನ್ನು ಮಾಡಬೇಕು. ಆ ಗುಳಿಯಲ್ಲಿ ಸೀಸದ ಮಿಶ್ರಲೋಹವನ್ನು ಎರೆಯಬೇಕು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳ ದೊಡ್ಡ, ಚಿಕ್ಕ ರೂಪಗಳಿದ್ದರೆ ಬಹುಮಟ್ಟಿಗೆ ಸಾಕು. ಕನ್ನಡಕ್ಕಾದರೋ ಗುಣಿತಾಕ್ಷರಗಳು ಬೇಕು. ಸಾಲಿನ ಕೆಳಗೆ ಕೂರುವ ಒತ್ತಕ್ಷರಗಳು ಬೇಕು. ಹೀಗೆ ಮೊಳೆಗಳ ಸಂಖ್ಯೆ ನೂರಾರಕ್ಕೆ ಏರುತ್ತದೆ.

ಈ ತೊಡಕಿಗೆ ಮಂಗಳೂರಿನವರು ಕಂಡುಕೊಂಡ ಪರಿಹಾರವೇ ಕಲ್ಲಚ್ಚು. ಮೊಗ್ಲಿಂಗರೂ ಅವರ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆಯವರೂ ಮುಂಬಯಿಗೆ ಹೋಗಿ ಕಲ್ಲಚ್ಚಿನ ಯಂತ್ರವನ್ನು ತಂದರು. ೧೮೪೧ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಕೆಲಸ ಆರಂಭಿಸಿತು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರಹ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸಿದರೆ ಬರೆದ ಭಾಗವು ನೀರನ್ನು ಹೀರುವುದಿಲ್ಲ. ಅನಂತರ ಎಣ್ಣೆಯ ಶಾಯಿಯನ್ನು ಹಚ್ಚಿದರೆ ಅದು ಬರಹಕ್ಕೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಪ್ರತಿ ಸಿದ್ಧ. ಇಲ್ಲಿ ಮೊಳೆಗಳ ಗೊಡವೆಯೇ ಇಲ್ಲ. ಲಿಪಿಕಾರನ ಕೈಬರಹವೇ ಮುದ್ರಣದ ಅಕ್ಷರವಾಗುತ್ತಿತ್ತು.

೧೮೪೩ನೆಯ ಜುಲೈ ೧ರಂದು ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಬಿದ್ದಿತು. ನಾಲ್ಕು ಪುಟಗಳ ಆ ಪಾಕ್ಷಿಕದ ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪಗಳು, ಅನ್ಯದೇಶಗಳ ಸುದ್ದಿ, ಕಥೆ, ಗಾದೆ, ಹಾಡು ಎಲ್ಲಕ್ಕೂ ಅದರಲ್ಲಿ ಸ್ಥಾನವಿತ್ತು. ರಾಜ್ಯಾಡಳಿತದ ಸಂಗತಿಗಳು ಅಧಿಕಾರಿಗಳ ಕಚೇರಿಯಿಂದ ಹೊರಬಂದು ಜನಸಾಮಾನ್ಯರ ಜಗಲಿಯನ್ನು ತಲುಪಲು ದಾರಿಯಾಯಿತು. ಈ ನೆನಪಿಗಾಗಿಯೇ ಕರ್ನಾಟಕದಲ್ಲಿ ಜುಲೈ ೧ನ್ನು ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

ಆದರೆ ಕಲ್ಲಚ್ಚಿಗೂ ಮಿತಿಗಳಿದ್ದವು. ಪ್ರತಿ ಪುಟವನ್ನೂ ಹೊಸದಾಗಿ ಕೈಯಿಂದಲೇ ಬರೆಯಬೇಕು. ಮೊಳೆಗಳನ್ನಾದರೆ ಒಂದು ಪುಟ ಮುಗಿದ ಮೇಲೆ ಬಿಡಿಸಿ ಇನ್ನೊಂದಕ್ಕೆ ಜೋಡಿಸಬಹುದು. ಚಿಕ್ಕ ಅಕ್ಷರಗಳಲ್ಲಿ ಹೆಚ್ಚು ವಿಷಯವನ್ನು ತುಂಬಬಹುದು. ಆದಕಾರಣ ಮರುವರ್ಷವೇ, ಎಂದರೆ ೧೮೪೪ರಲ್ಲಿ, ಪತ್ರಿಕೆಯು ಮೊಳೆಗಳ ಸೌಕರ್ಯವಿದ್ದ ಬಳ್ಳಾರಿಗೆ ಹೋಯಿತು. ಹೆಸರೂ ‘ಕನ್ನಡ ಸಮಾಚಾರ’ ಎಂದು ಬದಲಾಯಿತು. ಪತ್ರಿಕೆಯ ಆಯುಸ್ಸು ದೀರ್ಘವಾಗಲಿಲ್ಲ. ಆದರೆ ಅದು ತೋರಿದ ದಾರಿ ಮುಚ್ಚಲಿಲ್ಲ.

ಮೊಗ್ಲಿಂಗರ ಮುಂದಿನ ಕಾರ್ಯ ಇದಕ್ಕಿಂತಲೂ ಹಿರಿದು. ಅವರು ಕ್ರೈಸ್ತಮತವನ್ನು ಬೋಧಿಸಲೆಂದೇ ಬಂದವರು. ಕಡೆಯವರೆಗೂ ಆ ನಂಬಿಕೆಯನ್ನು ಬಿಟ್ಟವರಲ್ಲ. ಈ ನಾಡಿನ ಆಚಾರವಿಚಾರಗಳನ್ನು ಟೀಕಿಸಿ ಬರೆದುದೂ ಉಂಟು. ಆದರೆ ಜನರೊಡನೆ ಮಾತನಾಡಲು ಕಲಿತ ಭಾಷೆ ಅವರನ್ನು ಕಾವ್ಯಗಳ ಬಳಿಗೆ ಕರೆದೊಯ್ದಿತು. ಅವು ತಾಳೆಗರಿಗಳಲ್ಲಿ, ಮಠಮಾನ್ಯಗಳ ಕಟ್ಟುಗಳಲ್ಲಿ, ಹಾಡುವವರ ಕಂಠಗಳಲ್ಲಿ ಉಳಿದಿದ್ದವು. ಗೆದ್ದಲು, ಮಳೆ, ಬೆಂಕಿಗಳಿಗೆ ಸಿಕ್ಕ ಓಲೆ ಮರಳಿ ಬಾರದು. ತಮ್ಮದಲ್ಲದ ಮತದ ಗ್ರಂಥಗಳನ್ನು ಅಚ್ಚು ಹಾಕುವುದು ಪಾದ್ರಿಗೆ ತಕ್ಕ ಕೆಲಸವೇ ಎಂಬ ಪ್ರಶ್ನೆ ಅವರೆದುರು ಇದ್ದೇ ಇತ್ತು. ಜನರ ಹೃದಯವನ್ನು ಅರಿಯಬೇಕಾದರೆ ಅವರು ಆದರಿಸುವ ಕಾವ್ಯವನ್ನು ಅರಿಯಲೇಬೇಕೆಂಬ ನಿಲುವನ್ನು ಅವರು ತಾಳಿದರು.

ನಿವೃತ್ತ ಆಂಗ್ಲ ಅಧಿಕಾರಿ ಕಸಮೇಜರ್ ಎಂಬವರ ಧನಸಹಾಯದಿಂದ ಮೊಗ್ಲಿಂಗರು ೧೮೪೮ರಲ್ಲಿ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಪ್ರಾರಂಭಿಸಿದರು. ೧೮೫೩ರವರೆಗೆ ನಡೆದ ಈ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ಕುಮಾರವ್ಯಾಸ ಭಾರತದ ಭಾಗಗಳು, ದಾಸರ ಪದಗಳು ಪ್ರಕಟವಾದುವು. ‘ರಾವಣ ದಿಗ್ವಿಜಯ’ ಎಂಬ ಯಕ್ಷಗಾನ ಪ್ರಸಂಗವೂ ಅದರಲ್ಲಿ ಸೇರಿತು. ಇವೆಲ್ಲವೂ ಕಲ್ಲಚ್ಚಿನಲ್ಲಿಯೇ ಮುದ್ರಿತವಾದುವು. ಈ ಪುಟಗಳನ್ನು ನೋಡಿದವರಿಗೆ ಓಲೆಯ ಬರಹವೇ ಕಾಗದಕ್ಕೆ ಇಳಿದು ಬಂದಂತೆ ತೋರುತ್ತಿತ್ತು.

೧೮೫೩ರ ಅನಂತರ ಮೊಗ್ಲಿಂಗರು ಕೊಡಗಿನಲ್ಲಿ ನೆಲೆಸಿದರು. ಆ ನಾಡನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ ೧೮೫೫ರಲ್ಲಿ ಪ್ರಕಟವಾಯಿತು. ಅದೇ ವರ್ಷ ವೈಗ್ಲೆಯವರು ಮರಣ ಹೊಂದಿದರು. ಮೊಗ್ಲಿಂಗರು ಅವರ ಪತ್ನಿ ಪೌಲಿನಾ ಅವರನ್ನು ವಿವಾಹವಾಗಿ, ಗೆಳೆಯನ ಮಕ್ಕಳಿಗೆ ತಂದೆಯಾದರು. ಕನ್ನಡ ಗ್ರಂಥಗಳ ಸಂಪಾದನೆಯನ್ನು ಮೆಚ್ಚಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ೧೮೫೮ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಪತ್ನಿಯ ಅನಾರೋಗ್ಯದ ನಿಮಿತ್ತ ೧೮೬೦ರಲ್ಲಿ ಸ್ವದೇಶಕ್ಕೆ ಹೊರಟ ಅವರು ಮತ್ತೆ ಈ ನೆಲವನ್ನು ಕಾಣಲಿಲ್ಲ. ಆದರೆ ಕನ್ನಡವನ್ನು ಮರೆಯಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ವಿದ್ವಾಂಸರ ಮುಂದಿಟ್ಟರು. ೧೮೮೧ನೆಯ ಮೇ ೧೦ರಂದು ಎಸ್ಲಿಂಗನ್ ನಗರದಲ್ಲಿ ಅವರು ಕಾಲವಾದರು.

ಅವರು ನೆಟ್ಟ ಮುದ್ರಣಾಲಯ ಬೆಳೆಯಿತು. ೧೮೫೦ರ ದಶಕದ ಆದಿಯಲ್ಲಿ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ ಮಂಗಳೂರಿಗೆ ಬಂದ ಮೇಲೆ ಅಲ್ಲಿಯೂ ಕಲ್ಲಿನ ಸ್ಥಾನವನ್ನು ಮೊಳೆಗಳು ಆಕ್ರಮಿಸಿದವು. ೧೮೯೪ರಲ್ಲಿ ಫರ್ಡಿನೆಂಡ್ ಕಿಟೆಲ್ಲರ ಬೃಹತ್ ನಿಘಂಟು ಅದೇ ಮುದ್ರಣಾಲಯದಿಂದ ಹೊರಬಂದಿತು. ಇಂದು ಮೊಳೆಗಳೂ ಮೂಲೆಗೆ ಸರಿದಿವೆ. ಅಕ್ಷರಗಳು ಗಣಕಯಂತ್ರದ ತೆರೆಯ ಮೇಲೆ ಮೂಡುತ್ತವೆ. ಕಲ್ಲು, ಸೀಸ, ಬೆಳಕು ಹೀಗೆ ಸಾಧನಗಳು ಬದಲಾಗಿವೆ; ಬರಹವನ್ನು ಕೆಲವರ ಸೊತ್ತಾಗಿಸದೆ ಎಲ್ಲರಿಗೂ ತಲುಪಿಸಬೇಕೆಂಬ ಆಸೆ ಬದಲಾಗಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಇಂದಿಗೂ ಯಕ್ಷಗಾನದ ಚೆಂಡೆ ಮೊಳಗುತ್ತದೆ. ತಾಳಮದ್ದಳೆಯ ಕೂಟಗಳು ಸೇರುತ್ತವೆ. ಭಾಗವತರ ಮುಂದೆ ಅಚ್ಚಾದ ಪ್ರಸಂಗದ ಪುಸ್ತಕ ತೆರೆದಿರುತ್ತದೆ. ಅಂತಹ ಪುಸ್ತಕಗಳಿಗೆ ಮೊದಮೊದಲು ದಾರಿ ಮಾಡಿದವರಲ್ಲಿ ದೂರದೇಶದಿಂದ ಬಂದು ಕನ್ನಡವನ್ನು ಕಲಿತ ಮೊಗ್ಲಿಂಗರೂ ಒಬ್ಬರು. ರಸಪ್ರಶ್ನೆಯ ಉತ್ತರಕ್ಕೆ ಒಂದು ಅಂಕ ದೊರೆಯಬಹುದು. ಆ ಉತ್ತರದ ಹಿಂದಿನ ಬಾಳನ್ನು ಅರಿತವರಿಗೆ ಅಚ್ಚಾದ ಪ್ರತಿಯೊಂದು ಕನ್ನಡ ಅಕ್ಷರವೂ ಬೆಲೆಯುಳ್ಳದ್ದಾಗಿ ಕಾಣುವುದು.