ರಜೆಗಾಗಿ ವಾದಿಸಿದ ಅಂಬೇಡ್ಕರ್

ನಮ್ಮ ಮಕ್ಕಳಿಗೆ ಅಂಬೇಡ್ಕರ್ ಎಂದರೆ ಸಂವಿಧಾನ. ಪಾಠವೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ದುಡಿಯುವವರ ರಜೆಗಾಗಿ ಅವರು ಮಾಡಿದ ಕೆಲಸವನ್ನು ಚಂದ್ರಬಂಡದಂಥ ಊರಿನ ತರಗತಿಯಲ್ಲಿ ಹೇಳಲೇಬೇಕು. ಇಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಬಹಳ.

ಭೀಮರಾವ್ ಅಂಬೇಡ್ಕರ್ 1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದರು. ತಂದೆ ರಾಮಜಿ ಸೇನೆಯಲ್ಲಿ ಸುಬೇದಾರರು, ಸೇನಾ ಶಾಲೆಯಲ್ಲಿ ಪಾಠ ಹೇಳಿದವರು. ಮಗ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಅಧ್ಯಾಪಕರಾದರು. ಆದರೂ ಬಹುಕಾಲ ವಾಸವಿದ್ದದ್ದು ಪರೇಲಿನ ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ.

1928ರಲ್ಲಿ ಮುಂಬಯಿ ಶಾಸನಸಭೆಗೆ ಹೆರಿಗೆ ಸೌಲಭ್ಯದ ಮಸೂದೆ ಬಂತು. ಅದನ್ನು ಅಂಬೇಡ್ಕರರೇ ತಂದರೆಂದು ಹಲವರು ಬರೆಯುತ್ತಾರೆ. ತಂದವರು ಬೇರೊಬ್ಬ ಸದಸ್ಯರು, ಇವರು ಅದರ ಪರವಾಗಿ ವಾದಿಸಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶಕ್ಕೆ ಹಿತ, ಆದ್ದರಿಂದ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊಣೆ ಹೊರಬೇಕು ಎಂಬುದು ಅವರ ನಿಲುವು. 1929ರಲ್ಲಿ ಕಾಯ್ದೆಯಾಯಿತು. ಆಗ ಧಾರವಾಡ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಆ ಕಾಯ್ದೆ ನಮ್ಮ ಕಡೆಗೆ ಬರಲಿಲ್ಲ.

ಮುಷ್ಕರವನ್ನು ಅಪರಾಧವಾಗಿಸುವ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ಒಂದು ದಿನದ ಮುಷ್ಕರ ನಡೆದಾಗ ಅವರು ಮುಂಚೂಣಿಯಲ್ಲಿದ್ದರು. 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಗೆ ಬಂತು. 1945ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿ ಅವರೇ ಮುನ್ನಡೆಸಿದ್ದು. ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ಹನ್ನೆರಡು ತಿಂಗಳು ದುಡಿದ ವಯಸ್ಕರಿಗೆ 10 ದಿನ, ಮಕ್ಕಳಿಗೆ 14 ದಿನ ಸಂಬಳಸಹಿತ ರಜೆ. ಮಕ್ಕಳಿಗೆ ಎಂಬ ಮಾತು ಓದಿ ಬೆಚ್ಚಬೇಕಿಲ್ಲ: ಹನ್ನೆರಡು ದಾಟಿದವರು ಕಾರ್ಖಾನೆಯಲ್ಲಿ ದುಡಿಯಲು ಆಗಿನ ಕಾನೂನು ಒಪ್ಪಿತ್ತು. ಅಂದರೆ ನಮ್ಮ ಏಳನೆಯ ತರಗತಿಯವರು! ಮರುವರ್ಷ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು.

ಸಂವಿಧಾನದ 42ನೆಯ ವಿಧಿ ಹೆರಿಗೆ ಸೌಲಭ್ಯವನ್ನು ರಾಜ್ಯದ ಹೊಣೆಯಾಗಿಸಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಡಿಸೆಂಬರ್ 6ರಂದು ಅಂಬೇಡ್ಕರ್ ತೀರಿಕೊಂಡರು. ದೇಶಕ್ಕೆಲ್ಲ ಒಂದೇ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ, 12 ವಾರಗಳ ರಜೆಯೊಂದಿಗೆ. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು.

ಈ ರಜೆ ಕಾರ್ಖಾನೆ, ಗಣಿ, ತೋಟ, ಹತ್ತು ಮಂದಿಗಿಂತ ಕಡಿಮೆಯಿಲ್ಲದ ಅಂಗಡಿಗಳಲ್ಲಿ ದುಡಿಯುವವರಿಗೆ. ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಯವಳಿಗೆ ರಜೆ ಕೊಡುವವರಾರು? ಪಾಠಕ್ಕೆ ಬೇರೆ ಬೋಧನೋಪಕರಣ ಬೇಡ, ಹಾಜರಿ ಪುಸ್ತಕ ಸಾಕು. ಮನೆಯಲ್ಲಿ ಕೂಸು ಹುಟ್ಟಿದ ಕೆಲವೇ ವಾರಗಳಿಗೆ ತಾಯಿ ಹೊಲಕ್ಕೆ ಮರಳುತ್ತಾಳೆ, ಅಕ್ಕನ ಹೆಸರಿನ ಮುಂದೆ ಗೈರುಹಾಜರಿ ಶುರುವಾಗುತ್ತದೆ. ತೊಟ್ಟಿಲು ತೂಗಲು ಅವಳೇ ಬೇಕು.